ಲುದಿಯ ಮುನಿಸಿಗೆ ಎರಡು ಬಟನ್ನು

೧

ಹೇಗೆ ಶುರು ಮಾಡಲಿ? ಪವರ್ ಬಟನ್ ಒತ್ತಿ ಶುರು ಮಾಡಬೇಕಾದ ಕಥೆ ಇದು, ಆ ಬಟನ್ನೇ ಒಳಗೆ ಹೋಗಿ ಕೂತಿದೆ. ಮೊದಲ ಕರಡು ಹೀಗಿತ್ತು: ‘ನಮ್ಮ ಇಲೊಯಿಲೊ ಊರಿನ ಮೇಲೆ ಸಂಜೆಯ ಹೊಂಬಣ್ಣ ಹರಡಿತ್ತು.’ ಹರಿದು ಹಾಕಿದೆ. ಹೊಂಬಣ್ಣ ಹರಡಿದ್ದು ನಿಜ, ಆದರೆ ಅದಕ್ಕೂ ಈ ಕಥೆಗೂ ಸಂಬಂಧವಿಲ್ಲ. (ಹೊಂಬಣ್ಣ ಬೇಕೇ ಬೇಕು ಎನ್ನುವ ಓದುಗರು ಈಗಲೇ ಎದ್ದು ಹೋಗಬಹುದು, ಬೇಜಾರಿಲ್ಲ.)

ಎರಡನೆಯ ಕರಡು ಹೆಬ್ಬೆರಳಿನಿಂದ:

ಎಪಿಫಾನಿಯೊ, ಅಂದರೆ ನಮ್ಮ ಗಲ್ಲಿಯ ಪಾನ್ಯೋ, ಆಯುಷ್ಯವಿಡೀ ಜೀಪ್ನಿ, ಅಂದರೆ ಇಲ್ಲಿ ಬಸ್ಸಿನ ಕೆಲಸ ಮಾಡುವ ಉದ್ದನೆಯ ಜೀಪು, ಓಡಿಸಿದವನು. ಗೇರು, ಹಾರ್ನು, ಬ್ರೇಕು ಎಲ್ಲವನ್ನೂ ಗುದ್ದಿಯೇ ಮಾತಾಡಿಸಿ ಅಭ್ಯಾಸ. ಒಂದು ಸಂಜೆ ಕಂಪ್ಯೂಟರ್ ತಡ ಮಾಡಿತೆಂದು ಪವರ್ ಬಟನ್ನನ್ನು ಅದೇ ಹೆಬ್ಬೆರಳಲ್ಲಿ ಅದುಮಿದ. ಅದು ಒಳಗೆ ಹೋಯಿತು, ಹೊರಗೆ ಬರಲಿಲ್ಲ. ಪಕ್ಕದ ರೀಸೆಟ್ ಬಟನ್ ಸಹಾಯಕ್ಕೆ ಬಂದೀತೆಂದು ಅದನ್ನೂ ಅದುಮಿದ. ಅದೂ ಅಣ್ಣನ ಹಿಂದೆಯೇ ಹೋಯಿತು.

ಅದೇ ಸಂಜೆ ಅವನ ಹೆಂಡತಿ ಲುದಿ ಮಾತು ಬಿಟ್ಟಳು.

೨

ಮುನಿಸು ಅಂದರೆ ಜಗಳವಲ್ಲ. ಲುದಿ ಅನ್ನ ಬಡಿಸುತ್ತಾಳೆ, ಅಂಗಿ ಇಸ್ತ್ರಿ ಮಾಡುತ್ತಾಳೆ, ಮೀನಿನ ಒಳ್ಳೆಯ ತುಂಡನ್ನು ಅವನ ತಟ್ಟೆಗೇ ಹಾಕುತ್ತಾಳೆ. ಮಾತು ಮಾತ್ರ ಬೆಕ್ಕಿನ ಜೊತೆ. “ಸಾರು ಬಿಸಿ ಇದೆ ಅಂತ ಹೇಳು ಆ ಮನುಷ್ಯನಿಗೆ.” ಬೆಕ್ಕು ಹೇಳುವುದಿಲ್ಲ. ಪಾನ್ಯೋ ನಾಲಿಗೆ ಸುಟ್ಟುಕೊಳ್ಳುತ್ತಾನೆ.

ಆ ಕಂಪ್ಯೂಟರು ಅವಳ ಹಾಡಿನ ಯಂತ್ರ. ಸಂಜೆಯಾದರೆ ಪರದೆಯ ಮೇಲೆ ಸಾಲುಗಳು ಬರುತ್ತಿದ್ದವು, ಲುದಿ ಮೈಕ್ ಹಿಡಿದು ಗಲ್ಲಿಗೆಲ್ಲ ಕೇಳುವಂತೆ ಹಾಡುತ್ತಿದ್ದಳು. ಈಗ ಹಾಡೂ ಇಲ್ಲ, ಮಾತೂ ಇಲ್ಲ. ಪಾನ್ಯೋ ಒಂದೇ ಲೆಕ್ಕ ಹಾಕಿದ: ಬಟನ್ ಸರಿಯಾದರೆ ಹೆಂಡತಿ ಸರಿಯಾದಾಳು. ಅವಳ ದನಿಯಿಲ್ಲದ ಮನೆಯಲ್ಲಿ ಅವನಿಗೆ ಕೂರಲೂ ಆಗುತ್ತಿರಲಿಲ್ಲ. ನಿಜ ಹೇಳಬೇಕೆಂದರೆ ಅಳು ಬರುತ್ತಿತ್ತು.

“ಆಯೋ!” ಎಂದು ಗೇಟಿನಲ್ಲಿ ಕೂಗು. (‘ಮನೇಲಿದ್ದೀರಾ’ ಎಂದರ್ಥ. ನಮ್ಮ ಕಡೆ ಯಾರೂ ಬೆಲ್ ಒತ್ತುವುದಿಲ್ಲ. ಬೆಲ್ ಇದ್ದರೂ ಕೂಗುವುದೇ.) ಪಕ್ಕದ ಮನೆಯ ದೆಲ್ಫಿನ್, ಪಾನ್ಯೋನನ್ನು ಮನೊಂಗ್, ಅಂದರೆ ಅಣ್ಣ, ಎಂದು ಕರೆಯುವವನು.

“ರಿಪೇರಿ ಮಾಡ್ತಿದ್ದೀರಂತೆ, ಮನೊಂಗ್?”

“ಹೌದಪ್ಪ.”

“ಅವಸರ ಏನಿಲ್ಲ ಬಿಡಿ, ನಿಧಾನಕ್ಕೆ ಮಾಡಿ. ನಮ್ಮ ಮಗು ಈಗೀಗ ಸಂಜೆ ಹೊತ್ತು ನಿದ್ದೆ ಮಾಡ್ತಿದೆ.”

೪

(೩ನ್ನು ಕೈಬಿಟ್ಟಿದ್ದೇನೆ. ಅದರಲ್ಲಿ ಅಂಗಡಿಯವನೊಬ್ಬ ‘ಹೊಸ ಡಬ್ಬಾನೇ ತಗೊಂಬಿಡಿ’ ಎನ್ನುತ್ತಿದ್ದ. ಪಾನ್ಯೋ ಎದ್ದು ಬಂದ, ನಾನೂ ಬಂದೆ.)

ಮುಂಭಾಗದ ಪ್ಲಾಸ್ಟಿಕ್ ಕಿತ್ತ. ಕೊಂಡಿಗಳು ಮುರಿದವು. ಸತ್ತ ಪವರ್ ಬಟನ್ನಿನ ತಂತಿ ಕತ್ತರಿಸಿ, ಹಳೆಯ ಟೇಬಲ್ ಲ್ಯಾಂಪಿನ ಸ್ವಿಚ್ ಜೋಡಿಸಿದ. ಒತ್ತಿದ. ಫ್ಯಾನು ತಿರುಗಿತು, ದೀಪ ಹತ್ತಿತು, ಪಾನ್ಯೋನ ಮುಖ ಅರಳಿತು, ನಾಲ್ಕು ಎಣಿಸುವಷ್ಟರಲ್ಲಿ ಎಲ್ಲ ಆರಿತು.

“ಪಾನ್ಯೋ, ಲ್ಯಾಂಪಿನ ಸ್ವಿಚ್ಚು ಒತ್ತಿದ್ರೆ ಒತ್ತಿದ ಹಾಗೇ ಉಳಿಯುತ್ತೆ. ಕಂಪ್ಯೂಟರಿನದು ಒತ್ತಿ ಬಿಡ್ಬೇಕು. ಒತ್ತಿಯೇ ಹಿಡಿದ್ರೆ ಆರಿ ಹೋಗುತ್ತೆ,” ಎಂದೆ.

“ಮೊದ್ಲೇ ಹೇಳೋಕೇನಾಗಿತ್ತು?”

“ಕಥೆ ಬೆಳೀಬೇಕಲ್ಲ.”

“ನಿಮ್ಮ ಕಥೆ ಬೆಳೀಲಿ ಅಂತ ನಾನು ಬೆಕ್ಕಿನ ಬಾಯಿ ನೋಡ್ಕೊಂಡು ಊಟ ಮಾಡ್ಬೇಕಾ?”

(ಇಲ್ಲೊಂದು ರೂಪಕವಿದೆ. ಪಾನ್ಯೋ ದಿನವಿಡೀ ಹೆಂಡತಿಯ ಹಿಂದೆ ಬಿದ್ದು ‘ಏನಾಯ್ತು ಗಾ? ಹೇಳು ಗಾ, ನಾನೇನು ಮಾಡ್ದೆ?’ ಎಂದು ‘ಗಾ’ ಎಂಬ ಮುದ್ದಿನ ಹೆಸರಿನಲ್ಲೇ ಒತ್ತಿ ಹಿಡಿದಿದ್ದಾನೆ, ಅವಳು ಆರಿ ಹೋಗಿದ್ದಾಳೆ. ಬಹಳ ಹೆಮ್ಮೆಯಾಗಿ ಅವನಿಗೂ ಓದಿ ಹೇಳಿದೆ. “ನನ್ನ ಹೆಂಡ್ತಿ ಏನು ಕಂಪ್ಯೂಟರಾ?” ಎಂದು ಸ್ಕ್ರೂಡ್ರೈವರ್ ಎತ್ತಿದ. ರೂಪಕವನ್ನು ವಾಪಸ್ ಪಡೆದಿದ್ದೇನೆ.)

೫

ಒತ್ತಿ ಬಿಟ್ಟರೆ ತಾನಾಗಿ ಹಿಂದಕ್ಕೆ ಬರುವ ಬಟನ್ ಎಲ್ಲಿದೆ? ಗೇಟಿನಲ್ಲಿ! ಯಾರೂ ಮುಟ್ಟದ ಬೆಲ್ಲಿನ ಬಟನ್ನು ಹೊಸದರಂತೆಯೇ ಇತ್ತು. ಪಾನ್ಯೋ ಬಿಚ್ಚಿ ತಂದ. ರೀಸೆಟ್ಟಿಗೆ ಇನ್ನೊಂದು ಬೇಕು ಎಂದಾಗ ದೆಲ್ಫಿನ್ ಓಡಿ ಹೋಗಿ ತನ್ನ ಗೇಟಿನದನ್ನೇ ಕಿತ್ತು ತಂದ.

“ಇದು ರೀಸೆಟ್ಟಿಗೆ ತಾನೇ? ಹಾಡಿನ ಮಧ್ಯ ಒತ್ತಿದ್ರೂ ಕೆಲಸ ಮಾಡುತ್ತಾ?”

ಈಗ ಡಬ್ಬದ ಮೂತಿಯ ಮೇಲೆ ಗಂಟೆಯ ಚಿತ್ರವಿರುವ ಎರಡು ದಪ್ಪ ಬಟನ್ನುಗಳು. ಪಾನ್ಯೋ ಒಂದನ್ನು ಮೆತ್ತಗೆ ಒತ್ತಿ ಬೆರಳು ತೆಗೆದ. ಕಂಪ್ಯೂಟರ್ ಎದ್ದಿತು, ಎದ್ದೇ ಇತ್ತು.

೬

ಅಂತ್ಯಗಳು, ಬೇಕಾದ್ದನ್ನು ಆರಿಸಿಕೊಳ್ಳಿ.

ಅ) ಲುದಿ ಓಡಿ ಬಂದು ‘ಗಾ!’ ಎಂದಳು. ಇಬ್ಬರ ಕಣ್ಣಲ್ಲೂ ನೀರು. (ಧಾರಾವಾಹಿಯವರು ಕೊಂಡುಕೊಳ್ಳಬಹುದು.)

ಆ) ಕರೆಂಟು ಹೋಯಿತು. (ಇಲ್ಲಿ ಹೋಗುತ್ತಲೇ ಇರುತ್ತದೆ. ಆದರೆ ಕಥೆಗಾರನ ಕೈಲಾಗದ ಹೊತ್ತಿಗೇ ಸರಿಯಾಗಿ ಹೋದರೆ ಓದುಗರಿಗೆ ಗುಮಾನಿ ಬರುತ್ತದೆ.)

ಇ) ಇದನ್ನು ಬರೆಯುವ ಮೊದಲೇ ಲುದಿ ಅಡುಗೆಮನೆಯಿಂದ ನನ್ನ ಕಡೆ ತಿರುಗಿದಳು. ಅವಳು ಮಾತು ಬಿಟ್ಟದ್ದು ಗಂಡನ ಜೊತೆ, ನನ್ನ ಜೊತೆಯಲ್ಲ.

“ಬಟನ್ ಮುರೀತು ಅಂತ ಮುನಿಸ್ಕೊಳ್ಳೋಕೆ ನಾನೇನು ಎಳೇ ಮಗೂನಾ?”

“ಮತ್ಯಾಕಮ್ಮ?”

“ಅವ್ರಿಗೆ ಗೊತ್ತಿರ್ಬೇಕು.”

“ನನಗಾದ್ರೂ ಹೇಳಿ. ಬರೀತಿರೋನು ನಾನಲ್ವಾ?”

“ಗೊತ್ತಿಲ್ದೆ ಬರ್ಯೋಕೆ ಯಾಕೆ ಕೂತ್ರಿ? ಬಾಯ್ಬಿಟ್ಟು ಹೇಳಿದ್ಮೇಲೆ ಅದು ಮುನಿಸು ಹೇಗಾಗುತ್ತೆ?”

ಕರಡುಗಳನ್ನೆಲ್ಲ ತಿರುವಿ ಹಾಕಿದೆ. ಕಾರಣ ಎಲ್ಲೂ ಬರೆದಿರಲಿಲ್ಲ. ಇದನ್ನೆಲ್ಲ ಕೇಳಿಸಿಕೊಂಡ ಪಾನ್ಯೋನ ಮುಖ ಸಣ್ಣದಾಯಿತು. ‘ಹಾಗಾದ್ರೆ ಏನು ಗಾ?’ ಎಂಬುದು ನಾಲಿಗೆಯ ತುದಿಗೆ ಬಂತು. ನುಂಗಿಕೊಂಡ. ಮಾತು ನಿಂತ ಮೇಲೆ ಅವನು ಏನನ್ನೂ ಕೇಳದೆ ಸುಮ್ಮನಿದ್ದದ್ದು ಅದೇ ಮೊದಲು. ಎದ್ದು ಕುರ್ಚಿ ಬಿಟ್ಟುಕೊಟ್ಟ.

೭

ಲುದಿ ಬಂದು ಕೂತಳು. ಗಂಡು ಹೆಣ್ಣು ಸೇರಿ ಹಾಡುವ ಹಾಡೊಂದನ್ನು ಆರಿಸಿದಳು. ಅವನ ಕಡೆ ನೋಡದೆಯೇ ಎರಡನೇ ಮೈಕ್ ಚಾಚಿದಳು.

ಮೊದಲ ಸಾಲು ಗಂಡಸಿನದು. ಪಾನ್ಯೋ ಹಾಡಿದ. ಶ್ರುತಿ ಎಲ್ಲೋ, ಅವನೆಲ್ಲೋ. ಪಕ್ಕದ ಮನೆಯಲ್ಲಿ ಮಗು ಎದ್ದು ಅತ್ತಿತು. ಕೊನೆಯ ಪದ ಎಳೆದು ಮುಗಿಸಿ, ಮೈಕಿಗೆ ಅಂಗೈ ಮುಚ್ಚಿ, ನನ್ನ ಕಡೆ ಬಾಗಿದ.

“ಕಥೆಗಾರ್ರೇ, ಹಾಡಿದ್ರೆ ಮಾತಾಡಿದ ಲೆಕ್ಕಾನಾ?”

ಗೊತ್ತಿಲ್ಲ ಎಂದೆ. ಗೊತ್ತಿದ್ದರೂ ಬರೆಯುವುದಿಲ್ಲ. ಅವಳೇ ಹೇಳದ್ದನ್ನು ಹೇಳಿ ಮುಗಿಸಲು ನಾನ್ಯಾರು?

ಪರದೆಯ ಮೇಲೆ ಹೆಂಗಸಿನ ಸಾಲು ಬಂತು, ಹಾಡುವ ಹೊತ್ತಿಗೆ ಬಣ್ಣ ತಿರುಗಲು ಕಾಯುತ್ತ ನಿಂತಿತು. ಲುದಿ ಮೈಕನ್ನು ಬಾಯಿಯ ಹತ್ತಿರ ತಂದಳು, ಗಂಡನ ಕಡೆ ನೆಟ್ಟಗೆ ತಿರುಗಿದಳು, ಎದೆ ತುಂಬ ಉಸಿರೆಳೆದುಕೊಂಡಳು. ಜನ ಹಾಡುವ ಮೊದಲೂ ಹಾಗೇ ಉಸಿರೆಳೆದುಕೊಳ್ಳುತ್ತಾರೆ, ಬೈಯುವ ಮೊದಲೂ.