ತಾತನ ರೂಟಿನಲ್ಲಿ ಆರು ಕುಂಡ

ಮೊದಲೇ ಹೇಳಿಬಿಡುತ್ತೇನೆ, ಈ ಕಥೆಗೆ ಹೀರೋ ನಾನೇ. ನಮ್ಮ ಮನೆಯ ಅಂಗಳದ ಮೇಲೆ ಸಿಮೆಂಟು ಬೀಳುವುದನ್ನು ತಡೆದದ್ದು ನಾನು. ತಾತನ ಬೆಳಗುಗಳನ್ನು ಉಳಿಸಿಕೊಟ್ಟದ್ದೂ ನಾನು. ನೀವು ಊರಿನ ಸಂಘದ ಸಭೆಯಲ್ಲಿ ಚಾಪೆಯ ಮೇಲೆ ಕೂತು ಇದನ್ನು ಓದಿಸಿ ಕೇಳುತ್ತಿದ್ದರೆ ಸ್ವಲ್ಪ ನೆಟ್ಟಗೆ ಕೂತುಕೊಳ್ಳಿ. ನನ್ನಂಥವರು ಎಂಟ್ರಿ ಕೊಡುವಾಗ ಹಿಂದಿನ ಸಾಲಿನಿಂದ ಶಿಳ್ಳೆ ಬೀಳಬೇಕು. ಶಿಳ್ಳೆ ಬರದವರು ಚಪ್ಪಾಳೆ ತಟ್ಟಿದರೂ ನಡೆಯುತ್ತದೆ, ನಾನು ಅಷ್ಟೇನೂ ಜಂಬದವಳಲ್ಲ.

ನಮ್ಮ ತಾತ ಮೂವತ್ತೆರಡು ವರ್ಷ ಬಸ್ಸು ಓಡಿಸಿದವರು. ಈಗ ನಿವೃತ್ತಿಯಾಗಿದೆ, ಆದರೆ ಅವರ ಕಾಲುಗಳಿಗೆ ಆ ಸುದ್ದಿ ಇನ್ನೂ ಮುಟ್ಟಿಲ್ಲ. ಬೆಳಗಾದರೆ ಎಲ್ಲಿಗಾದರೂ ಹೊರಡಲೇಬೇಕು. ಹಾಗಾಗಿ ಗೇಟಿನಿಂದ ಬಟ್ಟೆ ಒಗೆಯುವ ಕಲ್ಲಿನವರೆಗೆ ಒಂದು ರೂಟು ಮಾಡಿಕೊಂಡಿದ್ದಾರೆ. ಹದಿನೆಂಟು ಹೆಜ್ಜೆ, ಆರು ಹೂಕುಂಡ, ಒಂದೊಂದು ಕುಂಡವೂ ಒಂದು ಸ್ಟಾಪು. ಪ್ರತಿ ಸ್ಟಾಪಿನಲ್ಲೂ ನಿಂತು ಗಿಡ ನೋಡುತ್ತಾರೆ, ಒಣಗಿದ ಎಲೆ ಕಿತ್ತು ಜೇಬಿಗೆ ಹಾಕಿಕೊಳ್ಳುತ್ತಾರೆ. ನಾನು ಶಿಳ್ಳೆ ಹೊಡೆದರೆ ಮಾತ್ರ ಮುಂದಕ್ಕೆ ಹೊರಡುತ್ತಾರೆ. ಎದ್ದು ಹೊರಗೆ ಬರುವಷ್ಟು ಒಳ್ಳೆಯವಳಲ್ಲ ನಾನು, ಹಾಸಿಗೆಯಿಂದಲೇ ಕಿಟಕಿಗೆ ಬಾಯಿಟ್ಟು ಹೊಡೆಯುತ್ತೇನೆ. ತಾತ ನನ್ನನ್ನು ಕರೆಯುವುದೇ ಕಂಡಕ್ಟ್ರು ಅಂತ.

ತೊಂದರೆ ಏನೆಂದರೆ, ಸ್ಟಾಪುಗಳೇ ಉಳಿಯುತ್ತಿರಲಿಲ್ಲ. ತಾತನಿಗೆ ತಟ್ಟೆಯಗಲದ ಹೂವೇ ಆಗಬೇಕು. ನರ್ಸರಿಯಲ್ಲಿ ಬಣ್ಣಕ್ಕೆ ಮರುಳಾಗಿ ತರುತ್ತಾರೆ, ಹೆಸರು ಹೇಳಲು ಹೋದರೆ ನಾಲಿಗೆ ತೊಡರುತ್ತದೆ. ಆ ಗಿಡಗಳು ಎರಡು ತಿಂಗಳು ನಾಯಕಿಯ ಹಾಗೆ ಮೆರೆಯುತ್ತವೆ, ಮೂರನೇ ತಿಂಗಳು ಬಿಸಿಲು ಏರಿದ್ದೇ ತಡ, ಒಂದೂ ಡೈಲಾಗ್ ಹೇಳದೆ ಗೋಣು ಚೆಲ್ಲುತ್ತವೆ. ಅಷ್ಟರಲ್ಲಿ ದಿನಕ್ಕೆ ಎರಡು ಬಕೆಟ್ ನೀರು ಕುಡಿದಿರುತ್ತವೆ. ನಮ್ಮ ಬೀದಿಗೆ ನಲ್ಲಿ ನೀರು ಬರುವುದು ದಿನ ಬಿಟ್ಟು ದಿನ, ಅದೂ ಒಂದೇ ಗಂಟೆ. ಹಿಡಿದು ತುಂಬುವವಳು ಅಮ್ಮ. ಹಿಂದಿನ ಕೋಣೆಯಲ್ಲಿ ಶಾಲಾ ಸಮವಸ್ತ್ರ ಹೊಲಿಯುತ್ತಾ, ನಲ್ಲಿ ಗೊರಗೊರ ಎಂದ ಕೂಡಲೇ ಮೆಷಿನ್ನು ಬಿಟ್ಟು ಓಡುವವಳು ಅವಳೇ.

ಕಳೆದ ಬೇಸಿಗೆಯ ಶುರುವಿನಲ್ಲಿ ತಾತ ಮತ್ತೆ ಆರು ಗಿಡ ತಂದಾಗ ಅಮ್ಮ ಟೇಪನ್ನು ಕತ್ತಿಗೆ ಹಾಕಿಕೊಂಡೇ ಬಾಗಿಲಿಗೆ ಬಂದಳು.

"ಮಾವ, ನಾನು ನೀರು ಹಿಡಿಯೋದು ನಮ್ಮ ಬಾಯಿಗೆ. ಇವುಗಳ ಬಾಯಿಗೂ ನಾನೇ ಹಿಡೀಬೇಕು ಅಂದ್ರೆ ನನ್ನ ಸೊಂಟ ಕೇಳಲ್ಲ. ಇದೇ ಕೊನೇ ಸಲ. ಇವೂ ಒಣಗಿದ್ರೆ ಗಾರೆ ಮೇಸ್ತ್ರಿನ ಕರೆಸಿ ಅಂಗಳಕ್ಕೆ ಪೂರ್ತಿ ಸಿಮೆಂಟು ಹಾಕಿಸ್ತೀನಿ. ಬಟ್ಟೆನಾದ್ರೂ ಒಣಗುತ್ತೆ."

ತಾತ ಗಿಡಗಳನ್ನು ಒಂದೊಂದಾಗಿ ಕುಂಡಕ್ಕಿಳಿಸಿದರು. ಸಂಜೆ ನನ್ನ ಪಕ್ಕ ಕೂತು ಮೆಲ್ಲಗೆ ಹೇಳಿದರು, "ರೂಟು ಕ್ಯಾನ್ಸಲ್ ಆದ್ರೆ ಡ್ರೈವರು ಡಿಪೋದಲ್ಲೇ ತುಕ್ಕು ಹಿಡೀತಾನೆ, ಕಂಡಕ್ಟ್ರೇ."

ಅದನ್ನು ಅವರು ನಗುತ್ತಲೇ ಹೇಳಿದ್ದು. ನನಗೆ ನಗು ಬರಲಿಲ್ಲ.

ಅದೇ ತಿಂಗಳು ತಾತನ ಕಣ್ಣಿನ ಪೊರೆಗೆ ಆಪರೇಷನ್ ಆಯಿತು. ಹತ್ತು ದಿನ ಆಸ್ಪತ್ರೆಯ ಹತ್ತಿರದ ಅತ್ತೆ ಮನೆಯಲ್ಲಿದ್ದರು. ನೀರು ಹಾಕುವ ಕೆಲಸ ನನ್ನ ತಲೆಗೆ ಕಟ್ಟಿ ಹೋಗಿದ್ದರು. ನಾನು ಎದೆ ತಟ್ಟಿ ಮಾತು ಕೊಟ್ಟಿದ್ದೆ. ಕೊಟ್ಟ ಮಾತಿಗೆ ತಪ್ಪುವ ವಂಶ ನಮ್ಮದಲ್ಲ ಎಂದು ಹಿನ್ನೆಲೆ ಸಂಗೀತವನ್ನೂ ನಾನೇ ಬಾಯಲ್ಲಿ ಬಾರಿಸಿದ್ದೆ. ಆಮೇಲೆ ಗೆಳತಿಯ ಮನೆಯಲ್ಲಿ ದಿನಕ್ಕೆರಡರಂತೆ ಸಿನಿಮಾ ನೋಡುತ್ತಾ ಕೂತೆ. ಒಂಬತ್ತನೇ ದಿನ ನೋಡಿದರೆ ಆರೂ ಗಿಡ ಚಹಾ ಸೋಸಿದ ಚರಟದ ಹಾಗೆ ಕಂದಿಹೋಗಿದ್ದವು.

ಆಗ ನನ್ನ ತಲೆ ಓಡಿತು. ಶಾಲೆಯ ವಾರ್ಷಿಕೋತ್ಸವದ ಅಲಂಕಾರಕ್ಕೆ ತಂದಿದ್ದ ಪ್ಲಾಸ್ಟಿಕ್ ಹೂವು ಒಂದು ಡಬ್ಬದಲ್ಲಿತ್ತು. ಒಣಗಿದ್ದನ್ನೆಲ್ಲ ಕಿತ್ತೆಸೆದು ಕೆಂಪು, ಹಳದಿ, ನೇರಳೆ ಬಣ್ಣದವನ್ನು ಕುಂಡಕ್ಕೆ ಚುಚ್ಚಿದೆ. ಅಮ್ಮ ಓಡಾಡುವುದು ಹಿತ್ತಲ ಬಾಗಿಲಿನಿಂದ, ಇತ್ತ ನೋಡುವವಳಲ್ಲ ಎಂದುಕೊಂಡೆ. ತಾತ ಬಂದದ್ದು ಕಪ್ಪು ಕನ್ನಡಕದಲ್ಲಿ. ಹೊಸ ಕನ್ನಡಕ ಸಿಗುವುದು ಐದು ವಾರ ಕಳೆದ ಮೇಲೆ, ಅಲ್ಲಿಯವರೆಗೆ ಎಲ್ಲ ಮಸುಕು. ಬಗ್ಗುವ ಹಾಗಿಲ್ಲ, ಬಕೆಟ್ ಎತ್ತುವ ಹಾಗಿಲ್ಲ, ಕಣ್ಣಿಗೆ ಧೂಳು ತಾಕುವ ಹಾಗಿಲ್ಲ. ಧೂಳಿನ ಮಾತು ಬಂದದ್ದರಿಂದ ಮೇಸ್ತ್ರಿ ಬರುವ ಪ್ರಶ್ನೆಯೂ ಐದು ವಾರ ಮುಂದಕ್ಕೆ ಹೋಯಿತು. ಮರುದಿನ ಬೆಳಗ್ಗೆ ತಾತ ಪ್ರತಿ ಸ್ಟಾಪಿನಲ್ಲೂ ನಿಂತರು, ಬಣ್ಣ ನೋಡಿ ತಲೆಯಾಡಿಸಿದರು. ನಾನು ಹಾಸಿಗೆಯಲ್ಲಿ ಶಿಳ್ಳೆ ಹೊಡೆದೆ.

ಎರಡು ದಿನ ಕಳೆದು, ಪಕ್ಕದ ಬೀದಿಯ ಕ್ಲಿನಿಕ್ಕಿನ ನರ್ಸಕ್ಕ ತಾತನ ಕಣ್ಣು ನೋಡಿ ಡ್ರಾಪ್ಸ್ ಹಾಕಿ ಹೋಗಲು ಬಂದರು. ತಾತ ಅವರನ್ನು ಕುಂಡಗಳ ಹತ್ತಿರಕ್ಕೇ ಕರೆದುಕೊಂಡು ಹೋದರು.

"ನೋಡಮ್ಮ, ಹತ್ತು ದಿನ ನಾನಿರಲಿಲ್ಲ. ಒಂದೆಲೆ ಬಾಡಿಲ್ಲ. ನಮ್ಮ ಕಂಡಕ್ಟ್ರ ಕೈಗುಣ ಅಂಥದ್ದು."

ನರ್ಸಕ್ಕ ಒಂದು ಎಸಳನ್ನು ಎರಡು ಬೆರಳಲ್ಲಿ ಹಿಡಿದು ನೋಡಿದರು. ಆಮೇಲೆ ನನ್ನನ್ನು ನೋಡಿದರು. ನಾನು ಆಕಾಶ ನೋಡಿದೆ.

"ಹೌದು ತಾತ," ಎಂದರು ಅವರು. "ಇದು ಯಾವತ್ತೂ ಬಾಡಲ್ಲ ಬಿಡಿ."

ಆಮೇಲೆ ಜಗಲಿಯಲ್ಲಿ ಕೂತು ತಮ್ಮ ಕ್ಲಿನಿಕ್ಕಿನ ಹಿಂದಿನ ಗೋಡೆಯ ವಿಷಯ ತೆಗೆದರು. ಅಲ್ಲಿ ಮಾಲಿ ಎಂಬುವನೇ ಇಲ್ಲ. ರಜೆ ಬಂದರೆ ಮೂರು ದಿನ ನೀರೂ ಇಲ್ಲ. ಆದರೂ ಆರು ವರ್ಷದಿಂದ ಅವೇ ಗಿಡಗಳಿವೆ. ನಂದಿಬಟ್ಟಲು, ಗೋರಂಟೆ, ದೊಡ್ಡಪತ್ರೆ, ನಿಂಬೆಹುಲ್ಲು. ಇವೆಲ್ಲ ಈ ಮಣ್ಣು, ಈ ಬಿಸಿಲನ್ನು ಮೊದಲಿಂದ ಕಂಡವು, ಒಂದು ಸಲ ಬೇರು ಬಿಟ್ಟರೆ ವರ್ಷಗಟ್ಟಲೆ ಕದಲುವುದಿಲ್ಲ ಎಂದರು. ನರ್ಸರಿಯ ಸೀಸನ್ ಗಿಡ ಕೆಟ್ಟದ್ದೇನಲ್ಲ, ಅದರ ಆಯುಸ್ಸೇ ಅಷ್ಟು, ಎಷ್ಟು ನೀರು ಸುರಿದರೂ ಹೋಗುವ ಕಾಲಕ್ಕೆ ಹೋಗುತ್ತದೆ ಎಂದೂ ಹೇಳಿದರು. ಅಷ್ಟು ಹೊತ್ತಿಗೆ ಒಳಗೆ ಅಮ್ಮನ ಮೆಷಿನ್ನಿನ ಸದ್ದು ನಿಂತಿತು. ದಾರ ತುಂಡಾಗಿರಬೇಕು ಎಂದುಕೊಂಡೆ.

ತಾತ ಒಪ್ಪಲಿಲ್ಲ. "ಎಲೆ ನೋಡ್ಕೊಂಡು ನಿಂತ್ಕೊಳೋಕೆ ನಾನೇನು ಮೇಕೆನಾ?"

"ಹೂವೂ ಬಿಡುತ್ತೆ ತಾತ. ತಟ್ಟೆಯಗಲ ಇರಲ್ಲ. ಆದ್ರೆ ನಾಳೆನೂ ಇರುತ್ತೆ."

ದೊಡ್ಡಪತ್ರೆ ಕೆಮ್ಮಿಗೆ ಒಳ್ಳೆಯದಂತಲ್ಲ ಎಂದು ತಾತ ಕೇಳಿದ್ದಕ್ಕೆ, ಅಡುಗೆಗೆ ಧಾರಾಳವಾಗಿ ಹಾಕಿ, ಕೆಮ್ಮು ಬಂದರೆ ಮಾತ್ರ ಕ್ಲಿನಿಕ್ಕಿಗೇ ಬನ್ನಿ ಎಂದು ನರ್ಸಕ್ಕ ನಕ್ಕರು.

ಮರುದಿನ ಸಂಜೆ ಕ್ಲಿನಿಕ್ಕಿನ ಹಿಂದೆ ನನ್ನ ಕೈಗೆ ಒಂದು ಗೋಣಿಚೀಲ ಕೊಟ್ಟರು. ಚಿಕ್ಕ ಚೀಲಗಳಲ್ಲಿ ಬೆಳೆಸಿದ ಎರಡು ನಂದಿಬಟ್ಟಲು ಸಸಿ, ಗೋರಂಟೆಯ ಕಡ್ಡಿಗಳು, ದೊಡ್ಡಪತ್ರೆಯ ತುಂಡುಗಳು, ಬೇರು ಸಮೇತ ಕಿತ್ತ ನಿಂಬೆಹುಲ್ಲಿನ ಒಂದು ಬುಡ.

"ತಾತಂಗೆ ನಾನೇನೂ ಹೇಳಲ್ಲ," ಎಂದರು. "ಆದ್ರೆ ಹೊಸ ಕನ್ನಡಕ ಬರೋ ಹೊತ್ತಿಗೆ ಆ ಕುಂಡದಲ್ಲಿ ಜೀವ ಇರ್ಬೇಕು. ಗೊತ್ತಾಯ್ತಾ, ಕೈಗುಣದೋಳೇ?"

ಇಲ್ಲಿಂದ ಸ್ಲೋ ಮೋಷನ್ನಿನಲ್ಲಿ ಊಹಿಸಿಕೊಳ್ಳಿ. ಬಿಸಿಲು ಇಳಿದ ಮೇಲೆ ಹಳೆಯ ಮಣ್ಣು ಸಡಿಲಿಸಿ, ಗೊಬ್ಬರ ಬೆರೆಸಿ, ಕಡ್ಡಿಯ ಕೆಳಗಿನ ಎಲೆ ತೆಗೆದು ಎರಡು ಗೆಣ್ಣು ಮಣ್ಣಿನೊಳಗೆ ಹೋಗುವಂತೆ ನೆಡುವುದು. ಅಲುಗದಂತೆ ಕೋಲು ಕೊಟ್ಟು ಕಟ್ಟುವುದು. ಮೇಲೆ ಒಣ ಎಲೆ ಹರಡುವುದು. ಮೊದಲ ಮೂರು ವಾರ ಮಣ್ಣು ಪೂರ್ತಿ ಒಣಗಲು ಬಿಡದೆ, ಕೆಸರೂ ಆಗದಂತೆ, ತರಕಾರಿ ತೊಳೆದ ನೀರನ್ನೇ ಒಂದೊಂದು ಲೋಟ ಹಾಕುವುದು. ಎದುರಿಗೆ ಪ್ಲಾಸ್ಟಿಕ್ ಹೂವಿನ ಕಾವಲು, ಹಿಂದೆ ಸದ್ದಿಲ್ಲದೆ ಬೇರು ಬಿಡುವ ಹಸಿರು. ಹಿನ್ನೆಲೆಯಲ್ಲಿ ನಗಾರಿ.

ಐದು ವಾರ ಕಳೆಯಿತು. ಹೊಸ ಕನ್ನಡಕ ಬಂದ ಮರುದಿನ ಬೆಳಗ್ಗೆ ತಾತ ಗೇಟಿನ ಹತ್ತಿರ ನಿಂತರು. ನಾನು ಅಂದು ಹಾಸಿಗೆ ಬಿಟ್ಟು ಅಂಗಳಕ್ಕೇ ಬಂದಿದ್ದೆ. ಅಮ್ಮ ಬಾಗಿಲಲ್ಲಿ ಟೇಪು ಹಾಕಿಕೊಂಡು ನಿಂತಿದ್ದಳು. ಮೇಸ್ತ್ರಿ ಬರುವುದೋ ಬೇಡವೋ ಎಂಬುದು ಹದಿನೆಂಟು ಹೆಜ್ಜೆಯಲ್ಲಿ ತೀರ್ಮಾನವಾಗಬೇಕಿತ್ತು. ನನ್ನ ಶಿಳ್ಳೆಗೂ ಕಾಯದೆ ತಾತ ಹೊರಟೇಬಿಟ್ಟರು.

ಮೊದಲೆರಡು ಸ್ಟಾಪು, ನಂದಿಬಟ್ಟಲು. ಒಂದರಲ್ಲಿ ಬಿಳಿ ಹೂವೊಂದು ಅರಳಿತ್ತು, ತಾತನ ಅಂಗಿಯ ಗುಂಡಿಗಿಂತ ಸ್ವಲ್ಪ ದೊಡ್ಡದು. ಮೂರು, ನಾಲ್ಕು, ಗೋರಂಟೆಯ ಹೊಸ ಚಿಗುರು. ಐದನೆಯದರಲ್ಲಿ ದೊಡ್ಡಪತ್ರೆ ಕುಂಡದ ಅಂಚು ದಾಟಿ ಹೊರಗೆ ಇಣುಕುತ್ತಿತ್ತು. ತಾತ ಒಂದೆಲೆ ಹೊಸಕಿ ಮೂಸಿದರು. ತುಂಬ ಹೊತ್ತು ಕೈಯನ್ನು ಮೂಗಿನಿಂದ ತೆಗೆಯಲಿಲ್ಲ. ಆರನೇ ಸ್ಟಾಪಿನಲ್ಲಿ ನಿಂಬೆಹುಲ್ಲನ್ನು ಹಳೆಯ ಸಹೋದ್ಯೋಗಿಯ ಬೆನ್ನು ಸವರುವಂತೆ ಸವರಿದರು.

"ಇವು ಪರ್ಮನೆಂಟ್ ಸ್ಟಾಫು ಕಣಮ್ಮ," ಎಂದರು ಅಮ್ಮನಿಗೆ. "ಇಷ್ಟು ದಿನ ನಾನು ತಂದಿದ್ದೆಲ್ಲ ಟೆಂಪರರಿ."

ಅಮ್ಮ ಸೆರಗಿಗೆ ಕೈ ಒರೆಸಿಕೊಂಡು, "ಮೇಸ್ತ್ರಿಗೆ ಬರೋದು ಬೇಡ ಅಂದೆ, ಮಾವ," ಎಂದು ಒಳಗೆ ಹೋದಳು. ಮೆಷಿನ್ನು ಮತ್ತೆ ಶುರುವಾಯಿತು. ಐದು ವಾರದಿಂದ ಹಿಡಿದಿಟ್ಟಿದ್ದ ಉಸಿರನ್ನು ನಾನು ಅಂಗಳದ ತುಂಬ ಬಿಟ್ಟೆ.

ಈಗ ನಿಮಗೊಂದು ಮಾತು. ಗಿಡ ತರುವ ಮುಂಚೆ ನಿಮ್ಮ ಬೀದಿಯಲ್ಲಿ ಒಂದು ಸುತ್ತು ಹಾಕಿ. ಯಾರೂ ನೀರು ಹಾಕದಿದ್ದರೂ ಬೇಲಿಯಲ್ಲಿ, ಹಳೆಯ ಗೋಡೆಯ ಬುಡದಲ್ಲಿ ಯಾವುದು ನಗುತ್ತಾ ನಿಂತಿದೆ ನೋಡಿ. ಆ ಮನೆಯವರ ಹತ್ತಿರ ಒಂದು ಕಡ್ಡಿ ಕೇಳಿ, ಗಿಡ ಇರುವವರು ಕಡ್ಡಿ ಇಲ್ಲ ಎನ್ನುವುದಿಲ್ಲ. ವರ್ಷಗಟ್ಟಲೆ ಬಾಳುವವನ್ನು ಮೊದಲು ನೆಡಿ, ಅಡುಗೆಗೆ ಆಗುವ ಒಂದೆರಡು ಸೊಪ್ಪು ಜೊತೆಗಿರಲಿ. ಬೇರು ಹಿಡಿಯುವವರೆಗೆ ಮಗುವಿನಂತೆ ನೋಡಿಕೊಳ್ಳಿ. ಆಮೇಲೆ ಅವು ನಿಮ್ಮ ಬಕೆಟ್ಟಿನ ದಾರಿ ಕಾಯುವುದಿಲ್ಲ. ತಟ್ಟೆಯಗಲದ ಹೂವಿನ ಆಸೆಯಿದ್ದರೆ ಒಂದು ಕುಂಡ ಅದಕ್ಕೂ ಇಡಿ, ಆರೂ ಬೇಡ. ಅಂಗಳಕ್ಕೆ ಸಿಮೆಂಟು ಹಾಕಿಸುವ ಮುಂಚೆ ಇದೊಂದು ಸಲ ಮಾಡಿ ನೋಡಿ.

ಮುಗಿಯಿತು ಎಂದು ಚಪ್ಪಾಳೆ ತಟ್ಟಬೇಡಿ. ಈ ಬರಹವನ್ನು ಸಂಘದ ಪತ್ರಿಕೆಯ ಅಚ್ಚಿಗೆ ಕೊಡುವವರು ನರ್ಸಕ್ಕ, ನಿಜ ಬರೆಯದಿದ್ದರೆ ಕೊಡುವುದಿಲ್ಲ ಎಂದಿದ್ದಾರೆ.

ನಾನು ಒಂದು ಕಡ್ಡಿಯನ್ನೂ ನೆಡಲಿಲ್ಲ. ಆ ಗೋಣಿಚೀಲವನ್ನು ಒಗೆಯುವ ಕಲ್ಲಿನ ಹಿಂದೆ ಇಟ್ಟು ಸಿನಿಮಾಕ್ಕೆ ಹೋದವಳು ಮರೆತೇಬಿಟ್ಟೆ. ಕನ್ನಡಕ ಬಂದ ದಿನ ಸಂಜೆ ನೆನಪಾಗಿ ಎದೆ ಹಿಡಿದುಕೊಂಡು ಓಡಿದೆ. ಚೀಲ ಖಾಲಿ. ಕುಂಡದಲ್ಲಿ ಪ್ಲಾಸ್ಟಿಕ್ ಹೂವಿನ ಹಿಂದೆ ಆರಕ್ಕೆ ಆರೂ ಹಸಿರು. ಅಲ್ಲೇ ನಿಂತು ಪ್ಲಾಸ್ಟಿಕ್ಕನ್ನೆಲ್ಲ ಕಿತ್ತು ಒಳಗೆ ಬಚ್ಚಿಟ್ಟೆ. ಒಂದೊಂದು ಕಡ್ಡಿಯನ್ನೂ ಕೋಲಿಗೆ ಕಟ್ಟಿದ್ದು ನೀಲಿ ಬಟ್ಟೆಯ ಪಟ್ಟಿಯಿಂದ, ಸಮವಸ್ತ್ರ ಕತ್ತರಿಸಿ ಉಳಿದ ಚೂರು. ಅಂದು ಮೆಷಿನ್ನು ನಿಂತದ್ದು ದಾರ ತುಂಡಾಗಿ ಅಲ್ಲ, ಅಮ್ಮ ನರ್ಸಕ್ಕನ ಮಾತು ಕೇಳುತ್ತಿದ್ದಳು. ನಿಜವಾಗಿಯೂ ಇಷ್ಟೇ ನೀರು ಸಾಕೋ ಎಂದು ತಾನೇ ನೆಟ್ಟು ಪರೀಕ್ಷೆ ಮಾಡಿದ್ದಳು. ಮೇಲೆ ಬರೆದ ಗೆಣ್ಣು, ಒಣ ಎಲೆ, ಲೋಟದ ಲೆಕ್ಕ ಎಲ್ಲ ಅವಳಿಂದಲೇ ಕೇಳಿ ಬರೆದದ್ದು.

ಇನ್ನು ತಾತ. ಅಂದು ಆರನೇ ಸ್ಟಾಪು ದಾಟಿ ನನ್ನ ಹತ್ತಿರ ಬಂದು ಕಿವಿಯಲ್ಲಿ ಹೇಳಿದರು, "ಆ ಪ್ಲಾಸ್ಟಿಕ್ ಹೂವು ಎಲ್ಲಿಟ್ಟೆ, ಕಂಡಕ್ಟ್ರೇ? ಆಪರೇಷನ್ ಆಗಿದ್ದು ನನ್ನ ಕಣ್ಣಿಗೆ. ಮೂಗಿಗಲ್ಲ."

ಅಮ್ಮನಿಗೆ ಗೊತ್ತಾದರೆ ಸಿಮೆಂಟು ಬೀಳುತ್ತದೆಂದು ಅವರು ಐದು ವಾರವೂ ಪ್ಲಾಸ್ಟಿಕ್ಕಿನ ಮುಂದೆ ನಿಂತು ತಲೆಯಾಡಿಸಿದ್ದರು. ಗಿಡ ಒಣಗಿದ್ದು ತಿಳಿದರೆ ಮಾವ ನೊಂದಾರೆಂದು ಅಮ್ಮನೂ ಪ್ಲಾಸ್ಟಿಕ್ಕಿನ ವಿಷಯ ಬಾಯಿ ಬಿಟ್ಟಿರಲಿಲ್ಲ. ಮನೆಗೆಲ್ಲ ಟೋಪಿ ಹಾಕಿದೆ ಎಂದುಕೊಂಡಿದ್ದೆ, ಟೋಪಿ ಇದ್ದದ್ದು ನನ್ನ ತಲೆಯ ಮೇಲೆ.

ನಾನು ನನ್ನ ಕೈಯಾರೆ ನೆಟ್ಟದ್ದು ಆ ಪ್ಲಾಸ್ಟಿಕ್ ಹೂವನ್ನು ಮಾತ್ರ. ಅದೀಗ ನನ್ನ ಕಿಟಕಿಯಲ್ಲಿದೆ, ತಾತನ ಆಜ್ಞೆ. ಇವತ್ತಿಗೂ ಬಾಡಿಲ್ಲ.