ಗಾಡಿ ಎಣಿಸಿದ ವಾರ

"ಬಸ್ಸಿನ ತನಕ ಗಾಡೀಲಿ ಬರಬಾರ್ದಿತ್ತಾ?" ಸಿ.ಎಸ್. ಪುರದ ಕಡೆಯಿಂದ ಬಂದು ಬಚ್ಚಲಲ್ಲಿ ಕಾಲಿನ ಧೂಳು ತೊಳೆಯುತ್ತಿದ್ದ ಭಾಮೈದ ಗಂಗಣ್ಣನನ್ನು ಮಹಾಲಿಂಗಯ್ಯ ಕೇಳಿದರು.

"ಪ್ಯಾಟೆ ಸೇರಿ ಎಲ್ಲಾ ಮರ್ತ್‌ಬುಟ್ರಾ ಭಾವ? ಇವತ್ತು ಸ್ವಾಮಾರ. ಬಸವಣ್ಣನ ಹೆಗಲ ಮ್ಯಾಲೆ ನೊಗ ಇಡ್ತೀವಾ? ನಮ್ ಕಡೆ ಯಾರೂ ಗಾಡಿ ಹೂಡಲ್ಲ."

ನೀರು ಹೊಯ್ಯುತ್ತಿದ್ದ ಮಹಾಲಿಂಗಯ್ಯನವರ ಕೈ ತಡೆಯಿತು.

ತುಮಕೂರಿನ ಕಾಲೇಜಿನಲ್ಲಿ ಅವರು ಭೂಗೋಳದ ಮೇಷ್ಟ್ರು. ನಕ್ಷೆಗೆ ಬಣ್ಣ ಬಳಿಸುವ ಪಾಠ ಅವರಿಗೆ ಸೇರದು. ಎಲ್ಲಿ ಏನು ಬೆಳೆಯುತ್ತದೆ, ಯಾವ ದಾರಿಯಲ್ಲಿ ಸಾಗುತ್ತದೆ ಎಂದು ತಿಳಿದವನು ನೌಕರಿಗೆ ಅಲೆಯಬೇಕಿಲ್ಲ, ಸ್ವಂತ ಕಸುಬು ಹೂಡಬಹುದು ಎನ್ನುತ್ತ ಬಿ.ಎ. ಹುಡುಗರನ್ನು ದಾರಿಯಲ್ಲಿ ನಿಂತು ಗಾಡಿ ಎಣಿಸಿ ಬರಲು ಗುಬ್ಬಿ, ಕುಣಿಗಲ್ ಎಂದು ಅಟ್ಟುತ್ತಿದ್ದರು. ಅವರಲ್ಲೊಬ್ಬ ನಯಾಜ್ ಅಹಮದ್ ಸಿ.ಎಸ್. ಪುರದ ಕವಲುದಾರಿ ಆರಿಸಿಕೊಂಡಿದ್ದ. ಅವನ ತಂದೆ ದಸ್ತಗೀರ್ ಸಾಬ್ ಎತ್ತಿಗೆ ಲಾಳ ಕಟ್ಟುವವರು. ಪೇಟೆಯಲ್ಲಿ ಲಾರಿ ಹೆಚ್ಚಿ ಗಾಡಿ ಕಡಿಮೆಯಾದ್ದರಿಂದ ಆ ಕವಲಿನಲ್ಲಿ ಅಂಗಡಿಗೆಂದು ಒಂದು ಜಾಗ ನೋಡಿಟ್ಟಿದ್ದರು. ನಯಾಜ್ ಬೆಳಗಿನಿಂದ ಸಂಜೆಯವರೆಗೆ ಎಣಿಸಿದ್ದು ನಾಲ್ಕೇ ಗಾಡಿ. "ಅಲ್ಲಿ ಅಂಗಡಿ ಇಟ್ರೆ ನೊಣ ಹೊಡೀಬೇಕು" ಎಂದು ಮಹಾಲಿಂಗಯ್ಯ ತರಗತಿಯಲ್ಲೇ ತೀರ್ಪು ಕೊಟ್ಟಿದ್ದರು. ಎಣಿಕೆಗೆ ಸೋಮವಾರ ಗೊತ್ತುಮಾಡಿದವರೂ ಅವರೇ, ಅಂದು ಬೇರೆ ಪಾಠಗಳಿರಲಿಲ್ಲವೆಂದು. ಶಿವಭಕ್ತರ ಮನೆಯಲ್ಲಿ ಹುಟ್ಟಿದವರ ಬುದ್ಧಿ ಎಲ್ಲಿ ಮಣ್ಣು ತಿನ್ನಲು ಹೋಗಿತ್ತೋ.

ಕೂತಲ್ಲಿ ಕೂರಲಾಗಲಿಲ್ಲ. ಹೆಂಡತಿ ಕೊಟ್ಟ ಕಾಫಿಯನ್ನೂ ಬಿಟ್ಟು ಸೈಕಲ್ ಹತ್ತಿ ಉಪ್ಪಾರಹಳ್ಳಿಗೆ ಹೋದರು. ದಸ್ತಗೀರ್ ಸಾಬ್ ಮನೆಯಂಗಳದಲ್ಲಿ ಒಬ್ಬರೇ ಕೂತು ಲಾಳ ತಟ್ಟುತ್ತಿದ್ದರು.

"ಆ ಜಾಗ ಏನಾಯ್ತು ಸಾಬ್ರೇ?"

"ಬ್ಯಾಡ ಅಂದ್‌ಬುಟ್ಟೆ ಸಾರ್. ಗುಬ್ಬಿಯೋರು ಹಿಡಿದವ್ರೆ. ಲಾಳ ಕಟ್ಟೋಕೇ."

ಮಹಾಲಿಂಗಯ್ಯ ಸೈಕಲ್ಲನ್ನು ಗೋಡೆಗೆ ಒರಗಿಸಿದರು. "ಸೋಮವಾರ ಎಣಿಸಿದ್ದು. ತಪ್ಪು ನಂದು. ನೀವಾದ್ರೂ ಯಾವ ವಾರ ಅಂತ ಕೇಳಬಾರ್ದಿತ್ತಾ?"

"ಬಾಯಿಗೆ ಬಂದಿತ್ತು. ಕಾಲೇಜ್ ಮೇಷ್ಟ್ರು ಹೇಳಿದ್ಮೇಲೆ, ಎತ್ತಿನ ಕಾಲು ಹಿಡಿಯೋನು ನಾನೇನ್ ಕೇಳ್ಲಿ ಅಂತ ನುಂಗ್ಕೊಂಡೆ." ದಸ್ತಗೀರ್ ಸಾಬ್ ದನಿ ತಗ್ಗಿಸಿದರು. "ಹುಡುಗನ್ಗೆ ಹೇಳ್ಬೇಡಿ. ನಿಮ್ ಮಾತಂದ್ರೆ ಅವನ್ಗೆ ಪ್ರಾಣ."

ಅಷ್ಟರಲ್ಲಿ ನಯಾಜ್ ಒಳಗಿಂದ ಸ್ಟೂಲು ಹಿಡಿದು ಓಡಿಬಂದ. "ನಿಮ್ಮಿಂದ ಉಳ್ಕೊಂಡ್ವಿ ಸಾರ್. ಇಲ್ದಿದ್ರೆ ಅಬ್ಬಾ ಆ ಕವಲಲ್ಲಿ ಹೋಗಿ ಕೂತಿರೋರು."

ದಸ್ತಗೀರ್ ಸಾಬ್ ಕಣ್ಣಲ್ಲೇ ಬೇಡವೆಂದರು. ಸುಮ್ಮನಿದ್ದರೆ ಹುಡುಗನ ಕಣ್ಣಲ್ಲಿ ಮೇಷ್ಟ್ರು ಮೇಷ್ಟ್ರಾಗಿಯೇ ಉಳಿಯುತ್ತಿದ್ದರು. ಆ ಆಸೆ ಮಹಾಲಿಂಗಯ್ಯನವರಿಗೂ ಆಯಿತು. ನಾಚಿಕೆಯೂ ಆಯಿತು.

"ಗಾಡಿ ಎಣಿಸಿದ್ದು ಯಾವ ವಾರ ನಯಾಜ್?"

"ಸೋಮವಾರ ಸಾರ್. ನೀವೇ ಹೇಳಿದ್ರಲ್ಲ" ಎಂದ ಹುಡುಗ, ಹೆಮ್ಮೆಯಿಂದ.

"ಇವತ್ತೂ ಸೋಮವಾರ."

ನಯಾಜ್ ಅಪ್ಪನ ಹಿಂದಿನ ಅಂಗಳದ ಕಡೆ ನೋಡಿದ. ಬೇರೆ ದಿನ ಲಾಳಕ್ಕೆ ಬಂದ ಎತ್ತು ಕಟ್ಟಿರುತ್ತಿದ್ದ ಗೂಟಗಳಲ್ಲಿ ಇಂದು ಒಂದೂ ಇರಲಿಲ್ಲ.