ಯೂದನನ್ನು ಕರೆದ ಮಾತು

ಕ್ಷೌರದಂಗಡಿಯವನ ಬಾಯಿಗೆ ಬೀಗವಿಲ್ಲ ಎಂದು ಊರೆಲ್ಲ ಹೇಳುತ್ತಿತ್ತು. ಚರ್ಚಿನ ವರ್ಷದ ನಾಟಕ ಬರೆಯುವವನೂ ಅವನೇ. ಬರೆದ ಮಾತುಗಳನ್ನು ಕುರ್ಚಿಯಲ್ಲಿ ಕೂತ ಗಿರಾಕಿಗಳ ಮೇಲೆ ಪ್ರಯೋಗಿಸುತ್ತಿದ್ದ. ಮುಖಕ್ಕೆ ಸೋಪು ಮೆತ್ತಿಸಿಕೊಂಡವರು ಪಾಪ, ಎದ್ದು ಹೋಗುವುದಾದರೂ ಎಲ್ಲಿಗೆ?

ಈ ಸಲದ ನಾಟಕ ಮಾತ್ರ ಒಬ್ಬಳಿಗಾಗಿ ಬರೆದದ್ದು, ಅವನ ತಾಯಿಗಾಗಿ.

ಅವನ ತಮ್ಮ ಕೈಯಾರೆ ಜೀವ ಕಳೆದುಕೊಂಡಿದ್ದ. ಆಮೇಲೆ ತಾಯಿ ಅತ್ತದ್ದನ್ನು ಯಾರೂ ನೋಡಲಿಲ್ಲ. ಸಂಜೆ ಊಟಕ್ಕೆ ಮೊದಲು ತೀರಿಕೊಂಡವರ ಹೆಸರು ಹೇಳಿ ಪ್ರಾರ್ಥಿಸುವುದು ಆ ಮನೆಯ ರೂಢಿ. ಗಂಡನ ಹೆಸರು, ಅತ್ತೆಯ ಹೆಸರು, ಜೀವಮಾನವಿಡೀ ಕಾಟ ಕೊಟ್ಟ ನಾದಿನಿಯ ಹೆಸರು ಕೂಡ ಬರುತ್ತಿತ್ತು. ಕಿರಿಮಗನದು ಬರುತ್ತಿರಲಿಲ್ಲ. ಒಮ್ಮೆ ಕೇಳಿದ್ದಕ್ಕೆ, "ಅವನು ಹೋದ ಕಡೆಗೆ ಪ್ರಾರ್ಥನೆ ಮುಟ್ಟೋದಿಲ್ಲ ಕಣೋ," ಎಂದು ತಟ್ಟೆ ಇಟ್ಟಿದ್ದಳು. ಒಂದೇ ಒಂದು ಸಲ ಆ ಹೆಸರು ಅವಳ ಬಾಯಲ್ಲಿ ಬರಲಿ ಎಂದು ಹಿರಿಮಗನ ಜೀವ ಹಪಹಪಿಸುತ್ತಿತ್ತು.

ಅದಕ್ಕೇ ಅವನು ಯೂದನನ್ನು ಆರಿಸಿಕೊಂಡ. ಗುರುವನ್ನು ಹಿಡಿದುಕೊಟ್ಟು, ಆಮೇಲೆ ತಾಳಲಾರದೆ ತನ್ನನ್ನೇ ಕೊಂದುಕೊಂಡ ಯೂದ. ಶಿಲುಬೆ ಹೊತ್ತು ಹೋಗುತ್ತಿದ್ದ ಯೇಸುವನ್ನು ದಾರಿ ತಪ್ಪಿಸಿ ತಂದು, ತನ್ನ ನಾಟಕದಲ್ಲಿ ಯೂದನ ಕಡೆಗಳಿಗೆಯಲ್ಲಿ ಅವನ ಪಕ್ಕ ನಿಲ್ಲಿಸಿದ. ಪಾದ್ರಿ ಕ್ಷೌರಕ್ಕೆ ಬಂದಾಗ ಆ ದೃಶ್ಯವನ್ನು ಹೇಳಿಯೂ ಹೇಳಿದ.

"ಇದು ಗ್ರಂಥದಲ್ಲಿ ಇಲ್ವಲ್ಲಯ್ಯಾ," ಎಂದರು ಪಾದ್ರಿ.

"ಯೂದ ಸಾಯೋವಾಗ ಪಕ್ಕದಲ್ಲಿ ಯಾರಿದ್ರು ಫಾದರ್? ಯಾರೂ ಇರ್ಲಿಲ್ಲ. ಮತ್ತೆ ಯಾರು ಬಂದ್ರು, ಯಾರು ಬರ್ಲಿಲ್ಲ ಅಂತ ಬರೆದೋರಿಗೆ ಹೇಗೆ ಗೊತ್ತಾಯ್ತು?"

ಪಾದ್ರಿ ಹೂಂ ಅನ್ನಲಿಲ್ಲ, ಊಹೂಂ ಅನ್ನಲೂ ಇಲ್ಲ. ಗಂಟಲ ಮೇಲೆ ಕತ್ತಿ ಆಡುತ್ತಿರುವಾಗ ಧರ್ಮಶಾಸ್ತ್ರ ಚರ್ಚಿಸಲು ಯಾರಿಗೆ ತಾನೇ ಮನಸ್ಸಾದೀತು? ಅದನ್ನೇ ಒಪ್ಪಿಗೆ ಎಂದುಕೊಂಡು ಇವನು ತಾಲೀಮು ಶುರುಮಾಡಿದ.

ಯೂದನ ಪಾತ್ರ ಮಾಂಸದಂಗಡಿಯವನದು. ಒಂದು ಮಾತೂ ನೆಟ್ಟಗೆ ನೆನಪಿರದ ದಪ್ಪ ಆಳು. ಆದರೆ ನಾಟಕದ ದಿನ ಗೋಡೆಗೆ ಮುಖ ಮಾಡಿ ಕೂತವನು ನಿಜವಾಗಿಯೇ ಅತ್ತುಬಿಟ್ಟ. ಯೇಸು ಶಿಲುಬೆ ಕೆಳಗಿಳಿಸಿ, ಅವನ ಹೆಗಲ ಮೇಲೆ ಕೈಯಿಟ್ಟು, "ಲೋ ತಮ್ಮಾ, ಏಳೋ. ಮನೆಗೆ ಹೋಗೋಣ," ಎಂದ. ಜನರೆಲ್ಲ ಮೂಗು ಒರೆಸಿಕೊಂಡರು. ಇವನು ಪರದೆಯ ಸಂದಿಯಿಂದ ತಾಯಿಯೊಬ್ಬಳನ್ನೇ ನೋಡುತ್ತಿದ್ದ. ಕೊನೆಯ ಬೆಂಚಿನಲ್ಲಿ ಆಕೆ ಬಾಯಿಗೆ ಕೈ ಅಡ್ಡ ಹಿಡಿದು ಕೂತಿದ್ದಳು. ಗೆದ್ದೆ ಅಂದುಕೊಂಡ ಪುಣ್ಯಾತ್ಮ.

ಆಕೆ ಮನೆಗೆ ಬಂದು, ಕೈ ತೊಳೆದು, ಮೇಜಿನ ಮುಂದೆ ಕೂತು ಪ್ರಾರ್ಥನೆ ಶುರುಮಾಡಿದಳು. ಗಂಡನ ಹೆಸರು ಬಂತು, ಅತ್ತೆಯದು, ನಾದಿನಿಯದು. ಅಲ್ಲಿಗೆ ನಿಲ್ಲಿಸಿದಳು. ಆಮೆನ್ ಬರಲಿಲ್ಲ. ಈಗ ಆ ಹೆಸರು ಬಂದೀತು ಎಂದು ಅವನು ಕಾದ.

ಆಕೆ ಕಣ್ಣು ತೆರೆದಳು. "ಯೇಸು ಯೂದನನ್ನ ಹಾಗೆ ಕರೀಲಿಲ್ಲ ಕಣೋ. ತನ್ನ ಹಿಡಿಸೋಕೆ ಅವನು ಬಂದಾಗ ಗೆಳೆಯಾ ಅಂದಿದ್ದ, ಅಷ್ಟೇ. ತಮ್ಮಾ ಅಂತಿದ್ದೋನು ನೀನು. ನಿನ್ನ ತಮ್ಮ ಶಾಲೆಗೆ ಹೋಗಲ್ಲ ಅಂತ ಹಠ ಹಿಡಿದು ಕೂತಾಗೆಲ್ಲ ಹೀಗೇ ಕರೀತಿದ್ದೆ."

ಅವನು ತಲೆ ತಗ್ಗಿಸಿದ.

"ಅಲ್ಲೀವರೆಗೂ ನಂಬಿದ್ದೆ ಮಗಾ. ಹೀಗೂ ಆಗಿರಬಹುದು ಅನ್ನಿಸಿತ್ತು. ಆ ಮಾತು ಬಂತು ನೋಡು, ನಿನ್ನ ಧ್ವನಿ ಗೊತ್ತಾಗಿಹೋಯ್ತು." ಅವಳ ಮಾತಿನಲ್ಲಿ ಸಿಟ್ಟಿರಲಿಲ್ಲ. ಅವನ ಕೈ ಹಿಡಿದುಕೊಂಡಳು. "ನಾಟಕದ ಮಾತು ಬಿಡು. ನಿಜ ಹೇಳು. ನನ್ನ ಕಂದನ ಹತ್ರ ಆವತ್ತು ಯಾರಾದ್ರೂ ಬಂದಿದ್ರು ಅಂತ ನಿನಗೆ ನಂಬಿಕೆ ಇದ್ಯಾ? ಹೂಂ ಅನ್ನು ಸಾಕು. ನಾನು ಅವನ ಹೆಸರು ಹೇಳ್ತೀನಿ."

ಊರಿಗೆಲ್ಲ ಮಾತು ಹಂಚುವವನಿಗೆ ಒಂದು ಹೂಂ ಹೊರಡಲಿಲ್ಲ. ನಂಬಿಕೆ ಇದ್ದಿದ್ದರೆ ಆ ದೃಶ್ಯ ಬರೆಯುವ ಗೋಜಿಗೇ ತಾನು ಹೋಗುತ್ತಿರಲಿಲ್ಲ ಎಂಬುದು ಅವನಿಗೆ ಆಗಲೇ ಹೊಳೆದದ್ದು. ಸುಳ್ಳಾದರೂ ಹೇಳೋಣವೆಂದರೆ, ತಾಯಿ ಅವನ ಮುಖವನ್ನೇ ನೋಡುತ್ತಿದ್ದಳು.

"ಹಾಗಿದ್ರೆ ಬೇಡ ಬಿಡು," ಎಂದು ಆಕೆ ಅವನ ಕೈ ಬಿಟ್ಟು, ಆಮೆನ್ ಹೇಳಿದಳು.